ಆರು ವಾರದ ಆಲೂಗಡ್ಡೆ ಗಂಜಿ

ನನ್ನ ಮಾವನ ದವಡೆ ಮುರಿದದ್ದು ಅವರೇ ಸಾಕಿದ ಟಗರು. ಬೆಳಗಿನ ಹೊತ್ತು. ಹಟ್ಟಿಯ ಮುಂದಿನ ಗೂಟದಲ್ಲಿ ಟಗರಿನ ಹಗ್ಗದ ಗಂಟು ಬಿಗಿದುಕೊಂಡಿತ್ತು. ಕೈಯಲ್ಲಿ ಬಿಚ್ಚಲಾಗದೆ, ಹಲ್ಲಿನಿಂದ ಎಳೆಯೋಣವೆಂದು ಅವರು ಕುಕ್ಕುರುಗಾಲಲ್ಲಿ ಕೂತು ಮುಖ ಬಗ್ಗಿಸಿದರು. ಟಗರು ಎರಡು ಹೆಜ್ಜೆ ಹಿಂದೆ ಸರಿದು ಬಂದು ಗುದ್ದಿತು. ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ನೋಡುವಷ್ಟರಲ್ಲಿ ಅವರು ಪಕ್ಕಕ್ಕೆ ಬಿದ್ದಿದ್ದರು, ಬಾಯಿಂದ ರಕ್ತ ಸೋರುತ್ತಿತ್ತು. ಮುಂದಿನ ಒಂದು ಹಲ್ಲು ಮಣ್ಣಿನಲ್ಲಿತ್ತು.

ಆಗ ನನ್ನ ಮದುವೆಯಾಗಿ ಎರಡನೇ ವರ್ಷ. ನಾನು ಹಿರಿಯೂರಿನ ಕಡೆಯವಳು, ಹರಿಯಬ್ಬೆಯ ಹತ್ತಿರದ ಊರು. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದೆ. ಕೊಟ್ಟದ್ದು ಹೊಳಲ್ಕೆರೆ ತಾಲ್ಲೂಕಿಗೆ, ಚಿಕ್ಕಜಾಜೂರಿನಿಂದ ನಡೆದೇ ಹೋಗಬಹುದಾದ ಒಂದು ಹಳ್ಳಿಗೆ. ಮನೆಯಲ್ಲಿ ನಾಲ್ಕೇ ಜನ. ಮಾವ ಕುರಿ ನೋಡಿಕೊಳ್ಳುತ್ತಿದ್ದರು, ಅತ್ತೆ ಹೊಲಕ್ಕೆ ಹೋಗುತ್ತಿದ್ದರು, ನನ್ನ ಯಜಮಾನರು ಜಂಕ್ಷನ್ನಿನ ರೈಲು ಹಳಿ ರಿಪೇರಿ ಗ್ಯಾಂಗಿನಲ್ಲಿ ಕೆಲಸಕ್ಕಿದ್ದರು. ಆಗಿನ್ನೂ ಕಲ್ಲಿದ್ದಲಿನ ಇಂಜಿನ್ ಓಡುತ್ತಿತ್ತು.

ಆ ಎರಡು ವರ್ಷದಲ್ಲಿ ನಾನು ಮಾವನ ಜೊತೆ ಒಂದು ಮಾತನ್ನೂ ಆಡಿರಲಿಲ್ಲ. ಅದೇನೂ ಜಗಳದಿಂದಲ್ಲ, ನಮ್ಮ ಕಡೆ ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಅವರು ಬಂದರೆ ನಾನು ಒಳಗೆ ಹೋಗುತ್ತಿದ್ದೆ. ಅವರಿಗೆ ಏನಾದರೂ ಬೇಕಾದರೆ ಅತ್ತೆಗೆ ಹೇಳುತ್ತಿದ್ದರು, ನಾನು ಪಕ್ಕದಲ್ಲೇ ಇದ್ದರೂ ಸರಿ. "ಆ ಹುಡುಗಿಗೆ ನೀರು ತರಕ್ಕೇಳು" ಅನ್ನುವರು. ಅತ್ತೆ ಹೇಳುವ ಮೊದಲೇ ನಾನು ತಂದಿಡುತ್ತಿದ್ದೆ.

ರೈಲಿನಲ್ಲಿ ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ದವಡೆ ಸರಿ ಕೂಡಿಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಹಾಕಿ ಬಿಗಿದು ಕಟ್ಟಿದರು. ಆರು ವಾರ ಬಾಯಿ ತೆಗೆಯುವಂತಿಲ್ಲ. ತುಟಿ ಆಡಿಸಬಹುದು, ಹಲ್ಲು ಬಿಡಿಸುವಂತಿಲ್ಲ. ಟಗರು ಬೀಳಿಸಿದ್ದ ಹಲ್ಲಿನ ಜಾಗದಲ್ಲಿ ಒಂದು ಸಂದಿ ಇತ್ತಲ್ಲ, ಊಟವೆಲ್ಲ ಅದರಿಂದಲೇ ಒಳಗೆ ಹೋಗಬೇಕು. ಎಂಟು ದಿನ ಇಟ್ಟುಕೊಂಡು ಕಳಿಸಿದರು. ಹೊರಡುವಾಗ ಅಲ್ಲಿನ ಒಬ್ಬರು ನರ್ಸು, ಮಂಗಳೂರ ಕಡೆಯ ವಯಸ್ಸಾದ ಹೆಂಗಸು, ನನ್ನನ್ನು ಪಕ್ಕಕ್ಕೆ ಕರೆದರು. ನಮ್ಮಲ್ಲಿ ಓದಲು ಬರುವವಳು ನಾನೊಬ್ಬಳೇ ಎಂದು ಅವರಿಗೆ ಗೊತ್ತಾಗಿತ್ತು.

"ಮನೆಯಲ್ಲಿ ತಂತಿ ಕತ್ತರಿಸುವ ಇಕ್ಕಳ ಒಂದು ಇಟ್ಟುಕೊಳ್ಳಬೇಕು. ವಾಂತಿ ಬಂದು ಉಸಿರು ಕಟ್ಟಿದರೆ ಈ ಉದ್ದುದ್ದ ನಿಂತ ತಂತಿಗಳನ್ನು ಕತ್ತರಿಸಿಬಿಡಿ. ಅಡ್ಡ ಇರುವುದನ್ನು ಮುಟ್ಟಬೇಡಿ. ಮೊದಲು ಒಂದು ಮಗ್ಗುಲಿಗೆ ಮಲಗಿಸಿ" ಎಂದರು.

ಯಜಮಾನರು ಕೆಲಸದಲ್ಲಿ ಪರಿಚಯದವರಿಂದ ಒಂದು ಇಕ್ಕಳ ತಂದುಕೊಟ್ಟರು. ಅದನ್ನು ಮಾವ ಮಲಗುವ ಪಡಸಾಲೆಯ ಮೊಳೆಗೆ ನೇತುಹಾಕಿದೆ.

ಮನೆಗೆ ಬಂದ ಮೊದಲ ವಾರ ಬರೀ ಹಾಲು, ತೆಳ್ಳಗಿನ ರಾಗಿ ಅಂಬಲಿ, ಬೇಳೆಕಟ್ಟು. ಮಕ್ಕಳಿಗೆ ಹಾಲು ಹಾಕುವ ಒಳಲೆಯ ಮೂತಿಯನ್ನು ಹಲ್ಲಿನ ಸಂದಿಗೆ ಇಟ್ಟು ಅತ್ತೆ ಕುಡಿಸುತ್ತಿದ್ದರು. ಮಾವ ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದರು, ನಾಲ್ಕು ಗುಟುಕಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಎರಡು ಹೊತ್ತು ಮುದ್ದೆ ಉಂಡು ದಿನವೆಲ್ಲ ಕುರಿ ಹಿಂದೆ ನಡೆಯುತ್ತಿದ್ದ ಮನುಷ್ಯ, ಎದ್ದು ಬಚ್ಚಲಿಗೆ ಹೋಗಲು ಗೋಡೆ ಹಿಡಿಯುವಂತಾಯಿತು. ಕುರಿ ಮೇಯಿಸಲು ಅವರ ತಮ್ಮ ಬರುತ್ತಿದ್ದರು.

ಒಂದು ಮಧ್ಯಾಹ್ನ ನಾನು ಬಟ್ಟೆ ಒಗೆದು ಬರುವಷ್ಟರಲ್ಲಿ ಒಳಗಿಂದ ಒಂಥರಾ ಗೊರಗೊರ ಸದ್ದು ಬಂತು. ಓಡಿದೆ. ಅತ್ತೆ ಮುದ್ದೆಯನ್ನು ಸೊಪ್ಪಿನ ಸಾರಿನಲ್ಲಿ ಕಿವುಚಿ ಕುಡಿಸಿದ್ದರು. ಸೊಪ್ಪಿನ ನಾರೋ ಮೆಣಸಿನಕಾಯಿಯ ಸಿಪ್ಪೆಯೋ ಗಂಟಲಿಗೆ ಸಿಕ್ಕಿ ಮಾವನಿಗೆ ಕೆಮ್ಮು ಹತ್ತಿತ್ತು. ಕೆಮ್ಮಿನ ಜೊತೆ ವಾಂತಿ. ಬಾಯಿ ತೆಗೆಯಲಾಗದು. ಮುಖ ಕಪ್ಪಿಟ್ಟಿತ್ತು, ಎರಡೂ ಕೈ ಗಂಟಲ ಮೇಲಿತ್ತು. ಅತ್ತೆ ಒಳಲೆ ಹಿಡಿದುಕೊಂಡು ನಿಂತೇ ಇದ್ದರು.

"ಅತ್ತೆ, ಹಿಡ್ಕಳ್ರಿ, ಮಗ್ಗಲಿಗೆ ಮಾಡ್ರಿ!" ಎಂದು ಕೂಗಿದೆ. ಇಬ್ಬರೂ ಸೇರಿ ಹೊರಳಿಸಿದೆವು. ಇಕ್ಕಳ ತೆಗೆದುಕೊಂಡು ಅವರ ತುಟಿ ಸರಿಸಿದೆ. ಅಲ್ಲಿಯವರೆಗೆ ಅವರ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದವಳೇ ಅಲ್ಲ. ತಂತಿಗಳೆಲ್ಲ ಒಂದೇ ಥರ ಕಂಡವು. ನಿಂತದ್ದು ಯಾವುದು, ಅಡ್ಡದ್ದು ಯಾವುದು ತಿಳಿಯಲಿಲ್ಲ. ಒಂದರ ಮೇಲೆ ಇಕ್ಕಳ ಇಟ್ಟೆ. ಇನ್ನೇನು ಒತ್ತಬೇಕು, ಅಷ್ಟರಲ್ಲಿ ಅವರು ಜೋರಾಗಿ ಕೆಮ್ಮಿದರು. ಹಲ್ಲಿನ ಸಂದಿಯಿಂದ, ಮೂಗಿನಿಂದ ಎಲ್ಲ ಹೊರಗೆ ಬಂತು. ನನ್ನ ಸೀರೆಯ ಮೇಲೆಲ್ಲ ಬಿತ್ತು. ಆಮೇಲೆ ಉಸಿರು ಬಂತು.

ನೆಲ ಒರೆಸಿ ಹೊರಗೆ ಬಂದರೆ ಅತ್ತೆ ಜಗುಲಿಯ ಮೇಲೆ ಕೂತಿದ್ದರು.

"ಅವ್ರು ಬಡವಾಗಿದ್ದು ನೋಡಕ್ಕಾಗ್ಲಿಲ್ಲ ಕಣವ್ವ. ಒಂದೀಟು ಮುದ್ದೆ ಹೊಟ್ಟೆಗೆ ಹೋಗ್ಲಿ ಅಂತ ಮಾಡ್ದೆ" ಎಂದರು.

"ಇರ್ಲಿ ಬಿಡ್ರಿ ಅತ್ತೆ."

"ಇನ್ಮ್ಯಾಗೆ ನೀನೇ ಕುಡ್ಸು. ನನ್ ಕೈಲಾಗಲ್ಲ."

ಸೊಸೆ ಮಾವನ ಪಕ್ಕ ಕೂತು ಕುಡಿಸುವ ಪದ್ಧತಿಯೂ ನಮ್ಮಲ್ಲಿ ಇರಲಿಲ್ಲ. ಆ ಸಂಜೆಯಿಂದ ನಾನೇ ಕುಡಿಸಿದೆ.

ಮುಂದಿನ ಸಲ ತೋರಿಸಲು ಹೋದಾಗ ನಡೆದದ್ದನ್ನು ನರ್ಸಿಗೆ ಹೇಳಿದೆ. ಅವರು ಮಾವನ ತೋಳು ಮುಟ್ಟಿ ನೋಡಿ, "ಹೀಗಾದರೆ ಮೂಳೆ ಕೂಡುವುದಿಲ್ಲ. ಆಲೂಗಡ್ಡೆ ಸೂಪು ಮಾಡಿ ಕೊಡಿ" ಎಂದರು. ಸೂಪು ಅಂದರೇನೆಂದು ಕೇಳಿದೆ. "ಗಂಜಿ ಅಂತಲೇ ಇಟ್ಟುಕೊಳ್ಳಿ. ಆಲೂಗಡ್ಡೆ, ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ ಮೆತ್ತಗೆ ಬೇಯಿಸಿ. ಚೆನ್ನಾಗಿ ನುರಿದು ಬಟ್ಟೆಯಲ್ಲಿ ಸೋಸಿ. ಗಟ್ಟಿ ಹಾಲು, ಬೆಣ್ಣೆ ಹಾಕಿ ಕುದಿಸಿ. ಹೊಟ್ಟೆಯಲ್ಲಿ ನಿಲ್ಲುತ್ತದೆ. ಖಾರ ಮಾತ್ರ ಬೇಡ."

ನಮ್ಮ ಮನೆಯಲ್ಲಿ ಆಲೂಗಡ್ಡೆ ತರುತ್ತಿದ್ದದ್ದು ನೆಂಟರು ಬಂದರೆ, ಪೂರಿ ಮಾಡಿದರೆ. ರೈಲಿಳಿದು ಚಿಕ್ಕಜಾಜೂರಿನ ಅಂಗಡಿಯಲ್ಲಿ ತೆಗೆದುಕೊಂಡೆವು. "ಗಡ್ಡೆ ತಿಂದ್ರೆ ವಾಯು" ಎಂದರು ಅತ್ತೆ, ಆದರೆ ಒಲೆ ಹಚ್ಚಿದ್ದು ಅವರೇ.

ಮೊದಲ ದಿನ ನಾನು ಬೆಂದ ಗಡ್ಡೆಯನ್ನು ಒರಳಿಗೆ ಹಾಕಿ ರುಬ್ಬಿದೆ. ನುಣ್ಣಗಾಗಲಿ ಎಂದು ಇನ್ನೂ ರುಬ್ಬಿದೆ. ಅದು ನುಣ್ಣಗಾಗುವ ಬದಲು ಪೋಸ್ಟರ್ ಅಂಟಿಸುವ ಗೋಂದಾಯಿತು. ಗುಂಡುಕಲ್ಲು ಎತ್ತಿದರೆ ಜೊತೆಗೆ ಎಳೆ ಎಳೆಯಾಗಿ ಎದ್ದು ಬರುತ್ತಿತ್ತು. ಬಿಸಿ ಹಾಲು ಹಾಕಿದರೂ ಕರಗಲಿಲ್ಲ. ಒಳಲೆಯ ಮೂತಿಯಲ್ಲಿ ಇಳಿಯಲೇ ಇಲ್ಲ. ಅದನ್ನು ಎಮ್ಮೆಯ ಬಾನಿಗೆ ಹಾಕಿದೆ.

ಎರಡನೇ ದಿನ ಒರಳು ಬಿಟ್ಟೆ. ಗಡ್ಡೆಯನ್ನು ಬಿಸಿ ಇರುವಾಗಲೇ ಪಾತ್ರೆಯಲ್ಲಿ ಕಡೆಗೋಲಿನಿಂದ ಮೆಲ್ಲಗೆ ಕುಟ್ಟಿ, ಬೇಯಿಸಿದ ನೀರನ್ನೇ ಸ್ವಲ್ಪ ಸ್ವಲ್ಪ ಹಾಕುತ್ತಾ ಕದಡಿದೆ. ಮಾವನ ಹಳೇ ಪಂಚೆಯ ಒಂದು ತುಂಡನ್ನು ಕುದಿಸಿ ಒಣಗಿಸಿಟ್ಟುಕೊಂಡಿದ್ದೆ. ಅದನ್ನು ಪಾತ್ರೆಯ ಬಾಯಿಗೆ ಕಟ್ಟಿ ಸೌಟಿನ ಬೆನ್ನಿನಿಂದ ಒತ್ತಿ ಒತ್ತಿ ಸೋಸಿದೆ. ಈ ಸಲ ಸರಿಯಾಗಿ ಇಳಿಯಿತು. ಆದರೆ ಹಾಲು ತೆಳ್ಳಗಿತ್ತು. ನಮ್ಮ ಎಮ್ಮೆ ಗಬ್ಬವಾಗಿ ಹಾಲು ಕೊಡುವುದನ್ನು ಬಿಟ್ಟಿತ್ತು. ಪಕ್ಕದ ಮನೆಯಿಂದ ತಂದ ಹಾಲಿನಲ್ಲಿ ನೀರೇ ಹೆಚ್ಚು. ಗಂಜಿ ಒಂದು ಕಡೆ, ನೀರು ಒಂದು ಕಡೆ ನಿಂತಿತು. ಮಾವ ಎರಡು ಗುಟುಕಿಗೆ ಕೈ ಅಡ್ಡ ಹಿಡಿದರು.

ಅತ್ತೆ ನೋಡುತ್ತಾ ನಿಂತಿದ್ದವರು ಹಟ್ಟಿಗೆ ಹೋದರು. ಸ್ವಲ್ಪ ಹೊತ್ತಿಗೆ ಒಂದು ಚೊಂಬಿನಲ್ಲಿ ಕುರಿಯ ಹಾಲು ಕರೆದು ತಂದರು. ಹೆಚ್ಚಿರಲಿಲ್ಲ, ಒಂದು ಲೋಟದಷ್ಟು. ಕುರಿ ಹಾಲು ಎಷ್ಟು ಗಟ್ಟಿ ಎಂದು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಗಂಜಿಗೆ ಹಾಕಿ ಸಣ್ಣ ಉರಿಯಲ್ಲಿ ತಿರುವಿದೆ. ನೋಡ ನೋಡುತ್ತಾ ಅದು ದಪ್ಪಗಾಗಿ, ಕೆನೆ ಬಣ್ಣಕ್ಕೆ ತಿರುಗಿ, ಸೌಟಿನ ಬೆನ್ನಿಗೆ ಹತ್ತಿ ನಿಂತಿತು. ಉಪ್ಪು ಹಾಕಿ, ಅಡಿಕೆಯಷ್ಟು ಬೆಣ್ಣೆ ಬಿಟ್ಟು, ಉಗುರುಬೆಚ್ಚಗೆ ಆರಿಸಿ ಒಳಲೆಗೆ ಹಾಕಿದೆ.

ಮಾವ ಒಂದು ಗುಟುಕು ಕುಡಿದು ಕಣ್ಣು ತೆರೆದರು. ಒಳಲೆಯನ್ನು ಕೈಯಿಂದ ಸರಿಸಿ, ಹಲ್ಲು ಕಚ್ಚಿಕೊಂಡೇ, ನೇರ ನನ್ನನ್ನೇ ಕೇಳಿದರು:

"ಯಾವ ಕುರೀದು?"

ನಾನು ಅತ್ತೆಯ ಕಡೆ ನೋಡಿದೆ. ಅವರು ಆಗಲೇ ಹೊರಗೆ ಹೋಗಿದ್ದರು. ಮರಿ ಕುಡಿಯುವ ಕುರಿಯಿಂದ ಹಾಲು ಕರೆದರೆ ಮಾವ ಯಾರನ್ನೂ ಬಿಡುವವರಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತೆ ಯಾವುದನ್ನು ಕರೆದರೆಂದು ನಾನು ಕಂಡಿದ್ದೆ, ಮಾತಾಡದೆ ದಾರಿ ಇರಲಿಲ್ಲ.

"ಮರಿ ಸತ್ತೋಯ್ತಲ್ಲ ಮಾವ, ಆ ಕರೇದು. ಮೋಟು ಕಿವಿದು."

ಅವರು ತಾವೇ ಒಳಲೆಯನ್ನು ಹತ್ತಿರ ಎಳೆದುಕೊಂಡರು. ಪೂರ್ತಿ ಮುಗಿಸಿದರು. ಇನ್ನೊಂದು ಒಳಲೆ ಕುಡಿದರು.

"ಖಾರ ಇಲ್ಲ" ಎಂದರು ಕೊನೆಗೆ.

"ಖಾರ ಹಾಕ್ಬ್ಯಾಡ ಅಂದವ್ರೆ ಮಾವ."

"ಅವ್ರೇನ್ ಕುಡೀತಾರಾ?"

ಮರುದಿನ ಚಿಟಿಕೆ ಕಾಳುಮೆಣಸನ್ನು ಹಿಟ್ಟು ಮಾಡಿ, ಅದನ್ನೂ ಬಟ್ಟೆಯಲ್ಲಿ ಜರಡಿ ಹಿಡಿದು ಹಾಕಿದೆ. ಆಸ್ಪತ್ರೆಯಲ್ಲಿ ಹೇಳಲಿಲ್ಲ.

ಅಲ್ಲಿಂದ ದಿನಕ್ಕೆ ಮೂರು ಹೊತ್ತು ಅದೇ. ಕರೇ ಕುರಿಯ ಹಾಲು ಸಾಲದ ದಿನ ಎಲ್ಲಿಂದಲಾದರೂ ಎಮ್ಮೆ ಹಾಲು ತಂದು, ಅರ್ಧ ಇಂಗಿಸಿ ಹಾಕುತ್ತಿದ್ದೆ. ಹತ್ತು ಹನ್ನೆರಡು ದಿನಕ್ಕೆ ಮಾವ ಗೋಡೆ ಹಿಡಿಯುವುದನ್ನು ಬಿಟ್ಟರು. ಬೆಳಿಗ್ಗೆ ಬಿಸಿಲಿಗೆ ಬಂದು ಜಗುಲಿಯ ಮೇಲೆ ಕೂರುತ್ತಿದ್ದರು. ಟಗರನ್ನು ಕಟುಕರಿಗೆ ಕೊಟ್ಟುಬಿಡೋಣ ಎಂದು ಯಜಮಾನರು ಒಂದು ದಿನ ಮಾತು ತೆಗೆದರು. ಮಾವ ತಲೆ ಅಲ್ಲಾಡಿಸಿದರು. "ಮುಖ ತಗಂಡೋಗಿ ಕೊಟ್ಟೋನು ನಾನು. ಅದ್ಕೇನು ಗೊತ್ತಾಗ್ತತೆ" ಎಂದರು. ಟಗರು ಇನ್ನೆರಡು ವರ್ಷ ಹಟ್ಟಿಯಲ್ಲೇ ಇತ್ತು.

ನಾನು ಮಾವನ ಪಕ್ಕ ಕೂತು ಕುಡಿಸುವುದನ್ನು, ಅವರು ಕೇಳಿದ್ದಕ್ಕೆ ಉತ್ತರ ಕೊಡುವುದನ್ನು ಓಣಿಯ ಹೆಂಗಸರು ನೋಡಿದರು. ಒಬ್ಬಾಕೆ ಅತ್ತೆಯ ಹತ್ತಿರ, "ನಿಮ್ ಸೊಸೆ ಮಾವನ ಎದುರಿಗೇ ಮಾತಾಡ್ತಾಳಂತೆ?" ಎಂದು ಕೇಳಿದ್ದು ನನಗೆ ಒಳಗೆ ಕೇಳಿಸಿತು.

"ಮಾತಾಡ್ದಲೆ ಹೆಂಗೆ ಕುಡಿಸ್ತಾರೆ? ಬಂದು ನೀನು ಕುಡ್ಸು, ನೋಡಾಣ" ಎಂದರು ಅತ್ತೆ. ಮತ್ತೆ ಯಾರೂ ಕೇಳಲಿಲ್ಲ.

ಆರು ವಾರ ಮುಗಿದು ತಂತಿ ಬಿಚ್ಚಿಸಿಕೊಂಡು ಬಂದ ದಿನ ಮಾವನ ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ರೈಲಿನಲ್ಲಿ ಬರುವಾಗಲೇ ಅತ್ತೆಯ ಕಿವಿಯಲ್ಲಿ ಮುದ್ದೆ ಎಂದಿದ್ದರು. ಮುದ್ದೆ ಹೇಗೂ ಅಗಿಯುವ ಊಟವಲ್ಲ. ಗೋಲಿಯಷ್ಟು ಸಣ್ಣಗೆ ಮುರಿದು, ಬೇಳೆ ಸಾರಿನಲ್ಲಿ ಹೊರಳಿಸಿ, ಒಂದೊಂದೇ ನುಂಗಿದರು. ಉಣ್ಣಲು ಬಹಳ ಹೊತ್ತು ಹಿಡಿಯಿತು. ಅತ್ತೆ ಅಷ್ಟು ಹೊತ್ತೂ ಎದುರಿಗೇ ಕೂತಿದ್ದರು.

ರಾತ್ರಿಗೆ ಗಂಜಿ ಮಾಡಲೇ ಎಂದು ಕೇಳಿದೆ.

"ಬ್ಯಾಡ ಕಣವ್ವ. ಸಾಕು ಆ ಬಿಳೇದು" ಎಂದರು ಮಾವ. ಅವರು ಬದುಕಿರುವ ತನಕ ಅದನ್ನು ಮತ್ತೆ ಬಾಯಿಗೆ ಮುಟ್ಟಿಸಲಿಲ್ಲ. ಪಲ್ಯದಲ್ಲಿ ಆಲೂಗಡ್ಡೆ ಇದ್ದರೂ ತೆಗೆದು ತಟ್ಟೆಯ ಅಂಚಿಗೆ ಇಡುತ್ತಿದ್ದರು. ನನಗೆ ಮೊದಲು ಸ್ವಲ್ಪ ಬೇಜಾರಾಯಿತು, ಆಮೇಲೆ ಆಗಲಿಲ್ಲ. ನೂರು ಒಳಲೆಗಿಂತ ಹೆಚ್ಚು ಕುಡಿದವರಿಗೆ ಮುಖ ತಿರುಗಿಸುವ ಹಕ್ಕಿತ್ತು.

ಆದರೆ ನನ್ನ ಜೊತೆ ಮಾತಾಡುವುದನ್ನು ಅವರು ನಿಲ್ಲಿಸಲಿಲ್ಲ. ನೀರು ಬೇಕಾದರೆ ನನ್ನನ್ನೇ ಕೇಳುತ್ತಿದ್ದರು. ಮುಂದಿನ ವರ್ಷ ನಮ್ಮೂರಿಗೆ ಅಂಗನವಾಡಿ ಬಂದು, ಓದಿದ ಹೆಂಗಸು ಬೇಕೆಂದು ಇಲಾಖೆಯವರು ಹುಡುಕಿಕೊಂಡು ಬಂದಾಗ, ಯಜಮಾನರು ಯೋಚಿಸಿ ಹೇಳ್ತೀವಿ ಎಂದು ಎದ್ದರು. ಮಾವ ಜಗುಲಿಯಿಂದಲೇ, "ಏನವ್ವ, ಹೋಗ್ತೀಯಾ?" ಎಂದು ನನ್ನನ್ನು ಕೇಳಿದರು. ಹೋಗ್ತೀನಿ ಎಂದೆ. "ಹೋಗ್ತಾಳಂತೆ" ಎಂದು ಬಂದವರಿಗೆ ಹೇಳಿದರು. ಅಲ್ಲಿಗೆ ಅದು ತೀರ್ಮಾನವಾಯಿತು. ನಾನು ಇಪ್ಪತ್ತೆಂಟು ವರ್ಷ ಆ ಕೆಲಸ ಮಾಡಿದೆ.

ತಂತಿ ಬಿಚ್ಚಿದ ಮೇಲೆ ತಿಂಗಳೊಪ್ಪತ್ತು ಕಳೆದಿರಬೇಕು, ಸೋನೆ ಹಿಡಿದಿತ್ತು. ನಾನು ಹಿತ್ತಲಿನಿಂದ ಬರುವಷ್ಟರಲ್ಲಿ ಒಲೆಯ ಪಕ್ಕ ನಾಲ್ಕು ಆಲೂಗಡ್ಡೆ ತೊಳೆದಿಟ್ಟಿತ್ತು. ಮಾವ ಕುರಿ ಹೊಡೆದುಕೊಂಡು ಹೋಗಿದ್ದರು. ಅತ್ತೆ ಅಕ್ಕಿ ಆರಿಸುತ್ತಾ ಕೂತಿದ್ದರು.

"ಪಲ್ಯ ಮಾಡ್ಲಾ ಅತ್ತೆ?" ಎಂದು ಕೇಳಿದೆ.

"ಪಲ್ಯ ಯಾಕೆ" ಎಂದರು, ಮೊರದಿಂದ ತಲೆ ಎತ್ತದೆ. "ಅವ್ರಿಗೆ ಮಾಡ್ತಿದ್ದೆಲ್ಲ, ಹಂಗೇ ಮಾಡು. ಸೋಸದೇನೂ ಬ್ಯಾಡ."

ಪಾತ್ರೆಯ ತಳದಲ್ಲಿ ಉಳಿಯುತ್ತಿದ್ದದ್ದನ್ನು ದಿನಾ ಯಾರು ಖಾಲಿ ಮಾಡುತ್ತಿದ್ದರೆಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಎಮ್ಮೆ ಅಷ್ಟರಲ್ಲಿ ಈದಿತ್ತು, ಹಾಲಿಗೆ ತೊಂದರೆ ಇರಲಿಲ್ಲ. ಗಡ್ಡೆಯನ್ನು ಅರೆಬರೆ ನುರಿದೆ. ಬೆಣ್ಣೆಯಲ್ಲಿ ಜೀರಿಗೆ, ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿ ಹುರಿದು ಹಾಕಿದೆ. ಅತ್ತೆ ಬೆಳಗಿನ ರಾಗಿರೊಟ್ಟಿಯನ್ನು ಮುರಿದು, ಅದರಲ್ಲಿ ನೆನೆಸಿ ನೆನೆಸಿ ತಿಂದರು. ಅವರಿಗೂ ಹಲ್ಲು ಹೆಚ್ಚಿರಲಿಲ್ಲ. ನಾನೂ ಒಂದು ಬಟ್ಟಲು ಹಾಕಿಕೊಂಡು ಪಕ್ಕದಲ್ಲಿ ಕೂತೆ. ಇನ್ನೊಂದು ಸೌಟು ಹಾಕಲೇ ಎಂದೆ. ಅವರು ತಟ್ಟೆ ಮುಂದಕ್ಕೆ ಸರಿಸಿದರು.