ಬೀಡಿ ಜಗಲಿಗೆ ಬರುತ್ತಿದ್ದ ಮಾಸ್ಟ್ರು

ನಮ್ಮ ಜಗಲಿ ಹತ್ತುವ ಮೊದಲು ಶಾಲೆಯ ಮಾಸ್ಟ್ರು ಕೈವಸ್ತ್ರ ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಳ್ಳುತ್ತಿದ್ದರು. ಹೊಗೆಸೊಪ್ಪಿನ ಹುಡಿ ಅವರಿಗೆ ಆಗುತ್ತಿರಲಿಲ್ಲ. ಕಟ್ಟಿಕೊಂಡರೂ ಸ್ವಲ್ಪ ಹೊತ್ತಿನಲ್ಲಿ ಕಣ್ಣು ಕೆಂಪಾಗಿ ನೀರಿಳಿಯುತ್ತಿತ್ತು. ಹಗಲಿಡೀ ಪಾಠ ಮಾಡಿ ಒಡೆದ ಸ್ವರ ಬಟ್ಟೆಯೊಳಗಿಂದ ಇನ್ನಷ್ಟು ದಪ್ಪವಾಗಿ ಕೇಳಿಸುತ್ತಿತ್ತು.

ಐವತ್ತರ ದಶಕದ ಕೊನೆಯ ಮಾತು. ಮಿಜಾರಿನ ನಮ್ಮ ಜಗಲಿಯಲ್ಲಿ ನೆರೆಕರೆಯ ಹುಡುಗಿಯರು ಸೇರಿ ಬೀಡಿ ಕಟ್ಟುತ್ತಿದ್ದೆವು. ಶಾಲೆ ಬಿಟ್ಟವರೇ ಹೆಚ್ಚು. ನಾನು ಎಂಟನೆಯ ತರಗತಿಯ ಪರೀಕ್ಷೆಗೆ ಕೂರಬೇಕಿತ್ತು. ಶಾಲೆಗೆ ಹೋಗುತ್ತಿದ್ದುದು ಮಾತ್ರ ಅಪರೂಪ. ಫೇಲಾದರೆ ಓದು ಅಲ್ಲಿಗೇ ಮುಗಿಯಿತೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

"ಕೈಗೆ ಕೆಲಸ ಉಂಟು, ಸರಿ. ಕಿವಿ ಖಾಲಿ ಉಂಟಲ್ಲ?" ಎಂದು ಅಮ್ಮನನ್ನು ಒಪ್ಪಿಸಿ ಅವರು ಸಂಜೆ ಬರತೊಡಗಿದರು. ಚರಿತ್ರೆಯ ಪಾಠವನ್ನು ಕಥೆಯಂತೆ ಓದಿ, ಕುತೂಹಲದ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಯಾರಾದರೂ ತುಳುವಿನಲ್ಲಿ "ಬೊಕ್ಕ?" ಎನ್ನುತ್ತಿದ್ದರು.

"ಕನ್ನಡದಲ್ಲಿ ಕೇಳು ಮಾರಾಯ್ತಿ."

"ಮತ್ತೆ ಎಂತ ಆಯ್ತು ಮಾಸ್ಟ್ರೇ?"

ಆಗಲೇ ಪುಟ ತಿರುಗುತ್ತಿದ್ದುದು.

ಅವರು ತ್ಯಾಗಮೂರ್ತಿಯೆಂದು ಬರೆದರೆ ತಪ್ಪಾದೀತು. ಶಾಲೆಯ ಉಳಿದ ಕೆಲಸಗಳಲ್ಲಿ ಅವರು ಸೋಮಾರಿಯೇ. "ಸಂಜೆ ಬೆಲ್ಲು ಹೊಡೆಯುವ ಮೊದಲು ಆಕಳಿಸುತ್ತೀರಿ, ಹೊಡೆದ ಮೇಲೆ ಪಾಠಕ್ಕೆ ಹೊರಡುತ್ತೀರಿ. ಇದೆಂತ ಮಾರಾಯ್ರೆ?" ಎಂದು ಹೆಡ್ಮಾಸ್ಟ್ರು ಕೆಣಕಿದ್ದಕ್ಕೆ, "ಇಲ್ಲಿ ಮಕ್ಕಳು ಬೆಲ್ಲಿಗೆ ಕಾಯ್ತಾರೆ, ಆ ಜಗಲಿಯಲ್ಲಿ ನನಗೆ ಕಾಯ್ತಾರೆ," ಎಂದಿದ್ದರಂತೆ.

ಪರೀಕ್ಷೆ ಹತ್ತಿರವಾದಾಗ ಒಂದು ದಿನ ನಾವು ಕಟ್ಟಿದ ಬೀಡಿಯನ್ನೆಲ್ಲ ಸಡಿಲವೆಂದು ಬೀಡಿ ಕಂಪೆನಿಯವರು ವಾಪಸು ಕಳಿಸಿದ್ದರು. ಬಿಚ್ಚಿ ಮತ್ತೆ ಕಟ್ಟುತ್ತಿದ್ದೆವು. ಯಾರಿಗೂ ಮಾತು ಬೇಡವಾಗಿತ್ತು. ಪರಂಗಿಯವರ ಹಡಗಿಗೆ ದೂರದಲ್ಲಿ ಕಲ್ಲಿಕೋಟೆಯ ದಡ ಕಂಡಲ್ಲಿಗೆ ಮಾಸ್ಟ್ರು ಓದು ನಿಲ್ಲಿಸಿದರು. ಕಾದರು. ಕತ್ತರಿಯ ಸದ್ದು ಬಿಟ್ಟರೆ ಏನೂ ಇಲ್ಲ.

ಪುಸ್ತಕ ಮುಚ್ಚಿ ಕಣ್ಣೊರೆಸಿಕೊಂಡರು. "ನಾನೂ ಮನುಷ್ಯನೇ ಅಲ್ವಾ? ಗೋಡೆಗೆ ಓದ್ಲಿಕ್ಕೆ ನನ್ನಿಂದಾಗುದಿಲ್ಲ."

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನನ್ನ ಪರೀಕ್ಷೆ ಹೋಯಿತೆಂದೇ ಅಂದುಕೊಂಡೆ.

ಕೊನೆಗೆ ಅಮ್ಮ ನನ್ನನ್ನು ಕರೆದುಕೊಂಡು ಹೊರಟಳು. ಅವಳು ಅದುವರೆಗೆ ಶಾಲೆಯ ಅಂಗಳ ಮೆಟ್ಟಿದವಳಲ್ಲ. ಒಳಗೆ ಹೋಗದೆ ಕಿಟಕಿಯ ಹೊರಗೇ ನಿಂತು ತುಳುವಿನಲ್ಲಿ ಕೇಳಿದಳು: "ಮಾಸ್ಟ್ರೇ, ಆ ಹಡಗು ದಡ ಮುಟ್ಟಿತಾ ಇಲ್ವಾ? ಪಾಪ, ಅವತ್ತಿನಿಂದ ನೀರಲ್ಲೇ ಉಂಟಲ್ಲ!"

ಮಕ್ಕಳೆಲ್ಲ ನಕ್ಕರು. ಒಲೆಯ ಬುಡದಲ್ಲಿ ಕೂತು ಅಮ್ಮನೂ ಕೇಳುತ್ತಿದ್ದಳೆಂಬುದು ನನಗಾಗಲಿ ಮಾಸ್ಟ್ರಿಗಾಗಲಿ ಗೊತ್ತಿರಲಿಲ್ಲ. ಆ ಸಂಜೆ ಅವರು ಒದ್ದೆ ಕೈವಸ್ತ್ರ ಕಟ್ಟಿಕೊಂಡು ಜಗಲಿ ಹತ್ತಿದರು.

ನಾನು ಪಾಸಾದೆ. ಉಳಿದವರು ಬೀಡಿ ಕಟ್ಟುತ್ತಲೇ ಉಳಿದರು, ಅದನ್ನೂ ದಾಖಲಿಸಬೇಕು. ಮುಂದೆ ಓದಿ ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ.

ಅರವತ್ತರ ದಶಕ ಮುಗಿಯುತ್ತಿದ್ದಾಗ ಮಾಸ್ಟ್ರು ಬಂಟ್ವಾಳದ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ದೃಷ್ಟಿ ಮಂಜಾಗಿತ್ತು. ನಾನು ಕೊನೆಯ ಸಲ ಹೋದಾಗ ಪಕ್ಕದಲ್ಲಿ ಕೂತು ಪೇಪರು ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡಿದ್ದರು, ಅಲುಗಾಟವಿರಲಿಲ್ಲ. ನಿದ್ದೆ ಹತ್ತಿತೆಂದು ಪೇಪರು ಮಡಚಿದೆ.

"ಬೊಕ್ಕ?" ಎಂದರು.

ಕನ್ನಡದಲ್ಲಿ ಕೇಳಿ ಎಂದು ನಾನು ಹೇಳಲಿಲ್ಲ. ಮಡಚಿದ ಪುಟ ಬಿಡಿಸಿದೆ.