ಗಿಟ್ಟುತ್ತಾ?

ಆ ಬೀದಿಯವರು ಅವಳನ್ನು ಸ್ಪ್ಯಾನರಕ್ಕ ಎನ್ನುತ್ತಾರೆ. ಮೊದಲು ಗೇಲಿಗೆಂದು ಇಟ್ಟ ಹೆಸರದು. ಈಗ ಅವೇ ಬಾಯಿಗಳು ಗಾಡಿ ಕೆಟ್ಟು ನಿಂತಾಗ ಅದೇ ಹೆಸರನ್ನು ಸಕ್ಕರೆ ಬೆರೆಸಿ ಕರೆಯುತ್ತವೆ. ಜನ ಇರುವುದೇ ಹಾಗೆ, ಬಿಡಿ. ಆದರೆ ಅವಳನ್ನು ಸುಡುತ್ತಿದ್ದದ್ದು ಆ ಹೆಸರಲ್ಲ, ಅತ್ತಿಗೆಯ ಬಾಯಿಂದ ದಿನಾ ಬರುತ್ತಿದ್ದ ಒಂದೇ ಒಂದು ಪ್ರಶ್ನೆ: "ಇದು ಗಿಟ್ಟುತ್ತಾ?"

ಗಂಡ ಹೇಳದೆ ಕೇಳದೆ ಮನೆ ಬಿಟ್ಟು ಹೋದ ಮೇಲೆ ಅವಳು ಮಗಳ ಕೈ ಹಿಡಿದುಕೊಂಡು ಅಣ್ಣನ ಮನೆಗೆ ಬಂದಿದ್ದಳು. ಅಣ್ಣ ಒಳ್ಳೆಯವನೇ, ಮನೆ ಮಾತ್ರ ಸಣ್ಣದು. ತಾಯಿ ಮಗಳಿಗೆ ನಡುಮನೆಯಲ್ಲಿ ಹಾಸಿಗೆ. ಅಣ್ಣನ ಮಕ್ಕಳು ಟಿವಿ ಆರಿಸುವ ತನಕ ಹಾಸುವಂತಿಲ್ಲ, ಬೆಳಗ್ಗೆ ಅಣ್ಣ ಬೂಟು ಹುಡುಕಿಕೊಂಡು ಬರುವ ಮೊದಲೇ ಸುತ್ತಿಡಬೇಕು. ಬಟ್ಟೆ ಬದಲಾಯಿಸಲು ಬಚ್ಚಲುಮನೆ, ಅಳು ಬಂದರೂ ಅದೇ ಬಚ್ಚಲುಮನೆ. ಅವಳಿಗೆ ಬೇಕಾಗಿದ್ದದ್ದು ಒಂದೇ. ತನ್ನ ದುಡಿಮೆಯಲ್ಲಿ ಬಾಡಿಗೆ ಕಟ್ಟಿ, ತಾನೇ ಬಾಗಿಲು ಹಾಕಿಕೊಂಡು, ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವಂಥ ಒಂದು ಮನೆ.

ಅತ್ತಿಗೆ ಬಿಸ್ಕತ್ತು ಕಾರ್ಖಾನೆಯಲ್ಲಿ ಮಾತಾಡಿ ಕೆಲಸ ಗೊತ್ತುಮಾಡಿಯೇ ಬಂದಿದ್ದಳು.

"ನಾಳೆಯಿಂದಲೇ ಬಾ ಅಂದಿದಾರೆ. ಕೂತ್ಕೊಂಡು ಡಬ್ಬಿ ತುಂಬೋದು, ತಿಂಗಳಾದ್ರೆ ಸಂಬಳ. ಅದು ಬಿಟ್ಟು ಇವಳು ಎರಡು ವರ್ಷ ಕಾಲೇಜಿಗೆ ಹೋಗ್ತಾಳಂತೆ, ಗಾಡಿ ರಿಪೇರಿ ಕಲಿಯೋಕೆ. ಗಿಟ್ಟುತ್ತಾ ಇದು?"

"ಡಬ್ಬಿ ತುಂಬೋಕೆ ಇವತ್ತಲ್ಲ ನಾಳೆ ಮಿಷಿನ್ ಬರುತ್ತೆ ಅತ್ತಿಗೆ. ಕೆಟ್ಟ ಗಾಡಿಗೆ ಮನುಷ್ಯರೇ ಬೇಕು."

"ಮನುಷ್ಯರು ಬೇಕು, ಸರಿ. ಹೆಂಗಸರು ಬೇಕು ಅಂತ ಯಾರಂದ್ರು ನಿಂಗೆ?"

ಅವಳು ಮರುದಿನವೇ ಹೋಗಿ ಕಸುಬು ಕಲಿಸುವ ಸಮುದಾಯ ಕಾಲೇಜಿಗೆ ಸೇರಿಕೊಂಡಳು, ಅಷ್ಟು ಹಟಮಾರಿ. ಕೈಯಲ್ಲಿದ್ದ ಚಿನ್ನದ ಬಳೆಗಳು ಫೀಸಿಗೆ ಹೋದವು. "ಬ್ಯಾಟರಿ ಹತ್ರ ಬಳೆ ಹಾಕ್ಕೊಂಡು ಹೋಗೋ ಹಾಗೂ ಇಲ್ಲ, ಬಿಡು" ಎಂದು ಅಣ್ಣನನ್ನು ನಗಿಸಲು ನೋಡಿದಳು. ಅಣ್ಣ ನಗಲಿಲ್ಲ. ಊಟದ ಖರ್ಚಿಗೆಂದು ಸಂಜೆ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುತ್ತ ಕೂರುತ್ತಿದ್ದಳು.

ತರಗತಿಯ ತುಂಬ ಮೀಸೆ ಚಿಗುರುತ್ತಿದ್ದ ಹುಡುಗರು. ಅವರ ಬಾಯಲ್ಲಿ ಇವಳು 'ಆಂಟಿ'. ಎಂಜಿನ್ ಇಳಿಸುವ ದಿನ ಆಂಟಿಯನ್ನು ಪಕ್ಕಕ್ಕೆ ಸರಿಸುತ್ತಿದ್ದವರು ವೈರಿಂಗ್ ಪರೀಕ್ಷೆಯ ಹಿಂದಿನ ದಿನ ಅವಳ ಸುತ್ತ ಮುತ್ತಿಕೊಳ್ಳುತ್ತಿದ್ದರು. ತಪ್ಪಿದ ಹೊಲಿಗೆಯನ್ನು ಹಿಂದಕ್ಕೆ ಬಿಚ್ಚುತ್ತ ಹೋಗಿ ಅಭ್ಯಾಸವಾದವಳಿಗೆ ವೈರಿನ ಜಾಡು ಹಿಡಿಯುವುದು ಹೊಸದಾಗಿ ಕಾಣಲಿಲ್ಲ. ಕೊನೆಯಲ್ಲಿ ಬ್ಯಾಟರಿ ಗಾಡಿಗಳದೊಂದು ಹೆಚ್ಚುವರಿ ಪರೀಕ್ಷೆಯಿತ್ತು. ಬೇಕಾದವರು ಬರೆಯಬಹುದು, ಆದರೆ ಅದಕ್ಕೆ ಫೀಸು ಬೇರೆ. ಹುಡುಗರು ಅದರ ತಂಟೆಗೇ ಹೋಗಲಿಲ್ಲ. ಅವಳು ಗುಂಡಿ ಹಾಕಿದ ದುಡ್ಡನ್ನೆಲ್ಲ ಅದಕ್ಕೆ ಸುರಿದಳು.

ಡಿಪ್ಲೊಮಾ ಏನೋ ಕೈಗೆ ಬಂತು, ಕೆಲಸವೂ ಸಿಕ್ಕಿತು. ದೊಡ್ಡ ರಸ್ತೆಯ ಗ್ಯಾರೇಜಿನಲ್ಲಿ. ಆದರೆ ಅಲ್ಲಿ ತಿಂಗಳ ಸಂಬಳವಿರಲಿಲ್ಲ. ಮುಗಿಸಿದ ಕೆಲಸಕ್ಕಿಷ್ಟು ಎಂದು ದರ. ಬ್ರೇಕ್ ಬದಲಾಯಿಸಿದರೆ ದುಡ್ಡು, ಕ್ಲಚ್ ಹಾಕಿದರೆ ದುಡ್ಡು. ಗಾಡಿಗೆ ಏನಾಗಿದೆಯೆಂದು ಹುಡುಕಲು ಹಿಡಿದ ಹೊತ್ತಿಗೆ ಮಾತ್ರ ಚಿಕ್ಕಾಸೂ ಇಲ್ಲ. ಹಾಗಾಗಿ ಹುಡುಕಿ ಹುಡುಕಿ ಸಾಯಬೇಕಾದ ವೈರಿಂಗ್ ಗಾಡಿಗಳನ್ನೆಲ್ಲ ಗಂಡಸರು ನಯವಾಗಿ ಇವಳತ್ತ ತಳ್ಳಿದರು. "ನೀನು ಓದಿದವಳಲ್ವಾ!" ಸಾಲದ್ದಕ್ಕೆ ಸ್ಪ್ಯಾನರು, ಮೀಟರು, ಪೆಟ್ಟಿಗೆ ಎಲ್ಲವನ್ನೂ ತಮ್ಮ ಕೈಯಿಂದಲೇ ದುಡ್ಡು ಹಾಕಿ ಕೊಳ್ಳಬೇಕು. ಮೊದಲ ತಿಂಗಳು ಕೈಗೆ ಬಂದದ್ದು ಬಿಸ್ಕತ್ತಿನ ಸಂಬಳದ ಅರ್ಧವೂ ಆಗಲಿಲ್ಲ.

ಆ ಸಂಜೆ ಅತ್ತಿಗೆ ಪ್ರಶ್ನೆ ಕೇಳಲಿಲ್ಲ. ಸುಮ್ಮನೆ ತಟ್ಟೆ ಇಟ್ಟು ಒಳಗೆ ಹೋದಳು. ಕೇಳಿದ್ದರೇ ಚೆನ್ನಾಗಿತ್ತು.

ಗ್ಯಾರೇಜಿನಲ್ಲಿ ಇನ್ನೊಂದು ಪೀಡೆಯಿತ್ತು. ರಿಪೇರಿಯಾಗಿ ಹೋದ ಗಾಡಿ ಅದೇ ತೊಂದರೆಗೆ ಮತ್ತೆ ಬಂದರೆ, ಮಾಡಿದವರೇ ಬಿಟ್ಟಿಯಾಗಿ ಸರಿಮಾಡಿಕೊಡಬೇಕು. ಅಂಥ ಗಾಡಿಗೆ ಅಲ್ಲಿ 'ತವರಿಗೆ ಬಂದದ್ದು' ಎನ್ನುತ್ತಿದ್ದರು. "ನೋಡ್ರಪ್ಪ, ಯಾರ ಮಗಳೋ ತವರಿಗೆ ಬಂದಿದಾಳೆ" ಎಂದು ಹಿರಿಯ ಮೇಸ್ತ್ರಿ ಕೂಗಿದರೆ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ತವರಿಗೆ ಬಂದು ಕೂತವಳಿಗೆ ಆ ಮಾತು ಕೇಳಿದಾಗಲೆಲ್ಲ ತನಗೇ ಅಂದಂತಾಗುತ್ತಿತ್ತು. ಆದರೂ ಎಲ್ಲರ ಜೊತೆ ಹಲ್ಲು ಬಿಡುತ್ತಿದ್ದಳು.

ಎರಡನೆಯ ತಿಂಗಳು ಅವಳೂ ಓಟಕ್ಕೆ ಬಿದ್ದಳು. ಒಂದರ ಮೇಲೊಂದು ಬ್ರೇಕ್ ಕೆಲಸ ಹಿಡಿದು ಸರಸರ ಮುಗಿಸಿದಳು. ಅವಸರದಲ್ಲಿ ಒಂದು ವ್ಯಾನಿನ ಬ್ರೇಕಿನ ಪಿನ್ನುಗಳಿಗೆ ಗ್ರೀಸು ಹಚ್ಚುವುದನ್ನೇ ಮರೆತಳು. ವಾರದೊಳಗೆ ಅದು ಬೀದಿಯುದ್ದಕ್ಕೂ ಕಿರುಚಿಕೊಂಡು ಮರಳಿ ಬಂತು. ಯಾರಾದರೂ ಕೂಗುತ್ತಾರೆಂದು ಅವಳು ಮನಸ್ಸು ಗಟ್ಟಿಮಾಡಿಕೊಂಡು ನಿಂತಳು. ಮೇಸ್ತ್ರಿ ಅವಳ ಮುಖ ನೋಡಿದ, ಏನನ್ನಿಸಿತೋ, ಕೂಗಲಿಲ್ಲ.

"ಅವಸರ ಮಾಡಿದ್ಯಾ?"

"ಹೂಂ."

"ಹೊಟ್ಟೆಪಾಡು. ಎಲ್ರೂ ಮಾಡ್ತೀವಿ ಕಣಮ್ಮ."

ಅಂದಿನಿಂದ ಅವಳು ಓಡುವುದನ್ನು ಬಿಟ್ಟಳು. ನಿಧಾನವಾಗಿ ಮಾಡಿದಳು, ಕಲಿಸಿಕೊಟ್ಟ ಹಾಗೆಯೇ ಮಾಡಿದಳು. ದುಡ್ಡು ಮಾತ್ರ ಬಿಸ್ಕತ್ತನ್ನು ದಾಟಲೇ ಇಲ್ಲ. ಮಗಳ ಕಾಲು ಉದ್ದವಾಗುತ್ತ ನಡುಮನೆಯ ಹಾಸಿಗೆಯಿಂದ ಹೊರಗೆ ಚಾಚತೊಡಗಿತು. ವರ್ಷ ತುಂಬುತ್ತ ಬಂದಾಗ ಅವಳಿಗೆ ನಿಜವಾಗಿಯೂ ಭಯವಾಯಿತು. ಅತ್ತಿಗೆ ಹೇಳಿದ್ದೇ ಸರಿಯೇನೋ, ಬಳೆಯೂ ಹೋಯಿತು ಎರಡು ವರ್ಷವೂ ಹೋಯಿತು ಎಂದು ಒಂದು ದಿನ ಬಸ್ಸಿನಲ್ಲಿ ಕೂತು ಬಿಕ್ಕಿದಳು.

ಆ ಹೊತ್ತಿಗೇ ಗ್ಯಾರೇಜಿನ ಸಾಹುಕಾರ ಒಂದು ಘನಕಾರ್ಯ ಮಾಡಿದ. ಪಾರ್ಸೆಲ್ ಕಂಪನಿಯೊಂದರ ಬ್ಯಾಟರಿ ವ್ಯಾನುಗಳ ರಿಪೇರಿಯನ್ನೆಲ್ಲ ತಾನೇ ಮಾಡಿಕೊಡುವುದಾಗಿ ಎದೆ ತಟ್ಟಿಕೊಂಡು ಸಹಿ ಹಾಕಿ ಬಂದ. ಮೊದಲ ವ್ಯಾನು ಬಂದು ನಿಂತಾಗಲೇ ಅವನಿಗೆ ತಿಳಿದದ್ದು, ಬ್ಯಾಟರಿ ಗಾಡಿಗಳ ಆ ಹೆಚ್ಚುವರಿ ಪರೀಕ್ಷೆ ಪಾಸಾದವರಲ್ಲದೆ ಬೇರೆ ಯಾರೂ ಅದರ ಭಾರೀ ಕರೆಂಟು ಹರಿಯುವ ಕಿತ್ತಳೆ ಬಣ್ಣದ ದಪ್ಪ ವೈರುಗಳನ್ನು ಮುಟ್ಟುವಂತಿಲ್ಲ, ಮುಟ್ಟಿದರೆ ವಿಮೆಯವರು ನಯಾಪೈಸೆ ಕೊಡುವುದಿಲ್ಲ ಎಂದು. ಮುಖ ಇಂಗು ತಿಂದ ಮಂಗನಂತಾಯಿತು. ಕೆಮ್ಮುತ್ತ ಇವಳ ಹತ್ತಿರ ಬಂದ.

"ಏನಮ್ಮ, ಬ್ಯಾಟರಿ ಗಾಡಿ ಸರ್ಟಿಫಿಕೇಟ್ ನಿನ್ನ ಹತ್ರ ಇದೆಯಂತೆ? ಹೇಳಲೇ ಇಲ್ಲ."

"ಸೇರುವಾಗಲೇ ಕೊಟ್ಟಿದ್ದೆ. ನೀವು ಅದರ ಮೇಲೆ ಟೀ ಲೋಟ ಇಟ್ರಿ."

"ಸರಿ, ಆಯ್ತು. ಈಗ ಮಾಡು."

ಈ ಬಾಯಿ ಈಗ ಬಿಡದಿದ್ದರೆ ಇನ್ನೆಂದೂ ಬಿಡಲಾಗದು ಎಂದು ಅವಳಿಗೆ ಗೊತ್ತಿತ್ತು. ಬಿಟ್ಟರೆ ಕೆಲಸವೇ ಹೋಗಬಹುದೆಂಬುದೂ ಗೊತ್ತಿತ್ತು.

"ಮಾಡ್ತೀನಿ. ಈ ಗಾಡಿಗಳಿಗೆ ಬೇರೆ ದರ ಕೊಡಬೇಕು. ಹುಡುಕೋ ಹೊತ್ತಿಗೂ ದುಡ್ಡು ಕೊಡಬೇಕು. ನಂಗೊಬ್ಬಳಿಗೇ ಅಲ್ಲ, ಇಲ್ಲಿರೋ ಎಲ್ರಿಗೂ."

"ನಿನ್ನೆ ಮೊನ್ನೆ ಬಂದವಳು ನಂಗೇ ಲೆಕ್ಕ ಹೇಳಿಕೊಡ್ತೀಯಾ?"

ಹಿರಿಯ ಮೇಸ್ತ್ರಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಎದ್ದು ಬಂದ.

"ಆ ವೈರು ಮುಟ್ಟೋಕೆ ಮೀಟರ್ ಬೇಕು ಸಾಹುಕಾರ್ರೇ. ಇರೋದು ಅವಳ ಹತ್ರ ಮಾತ್ರ."

ಅವನೆಂದದ್ದು ಗುಂಡಿಗೆಯ ಮಾತು, ಆದರೆ ಅವಳ ಕೈಯಲ್ಲಿ ನಿಜವಾಗಿಯೂ ಮೀಟರಿತ್ತು. ಎಲ್ಲರೂ ಗೊಳ್ಳೆಂದು ನಕ್ಕರು, ಅವಳೂ ನಕ್ಕಳು, ಈ ಸಲ ಮನಸಾರೆ. ಸಾಹುಕಾರ ಮಧ್ಯಾಹ್ನದವರೆಗೆ ಬುಸುಗುಟ್ಟಿದ. ಪಾರ್ಸೆಲ್ ಕಂಪನಿಯಿಂದ ಮತ್ತೆ ಮತ್ತೆ ಫೋನು ಬಂದ ಮೇಲೆ ಒಪ್ಪಿಕೊಂಡ.

ಅವಳು ದಪ್ಪ ರಬ್ಬರ್ ಕೈಗವಸು ತೊಟ್ಟು, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಕರೆಂಟು ಪೂರ್ತಿ ಇಳಿಯುವ ತನಕ ಕಾದು, ಒಂದೊಂದೇ ವೈರಿನ ಜಾಡು ಹಿಡಿದಳು. ವ್ಯಾನು ಹತ್ತುವ ಮೆಟ್ಟಿಲ ಕೆಳಗಿನ ಒಂದು ವೈರು ಜೋಡಣೆಯೊಳಗೆ ನೀರು ಕೂತಿತ್ತು. ಹಾಳಾದ ಭಾಗ ಬದಲಿಸಿ, ಬ್ಯಾಟರಿ ಮತ್ತೆ ಜೋಡಿಸಿ, ಎಲ್ಲ ಮುಚ್ಚಿ, ಗಾಡಿಗೆ ಹತ್ತಿ ಗುಂಡಿ ಒತ್ತಿ ಪೆಡಲು ತುಳಿದಳು. ವ್ಯಾನು ಸದ್ದೇ ಇಲ್ಲದೆ ಮುಂದಕ್ಕೆ ಸರಿಯಿತು. ಮೇಸ್ತ್ರಿ ಬಾಯಿಗೆ ಬೆರಳಿಟ್ಟು ಶಿಳ್ಳೆ ಹೊಡೆದ. ಖುಷಿಯೆಂದರೆ ಏನೆಂದು ಮರೆತೇಹೋಗಿದ್ದವಳಿಗೆ ಆ ಕ್ಷಣ ಕುಣಿಯಬೇಕೆನ್ನಿಸಿತು.

ಆ ತಿಂಗಳು ಅವಳ ಗಳಿಕೆ ಬಿಸ್ಕತ್ತನ್ನು ದಾಟಿತು, ಮೂರು ತಿಂಗಳಲ್ಲಿ ಅಣ್ಣನ ಸಂಬಳವನ್ನೂ ದಾಟಿತು. ಅತ್ತಿಗೆ ಒಲೆಯ ಮುಂದೆ ನಿಂತಲ್ಲೇ ಕಣ್ಣೊರೆಸಿಕೊಂಡಳು.

"ಗಿಟ್ಟಿತಲ್ಲೇ. ನೀನು ಸೋತುಬಿಟ್ರೆ ಅಂತ ನಂಗೆ ನಿದ್ದೇನೇ ಬರ್ತಿರಲಿಲ್ಲ ಗೊತ್ತಾ. ಕೇಳೋದೊಂದೇ ನಂಗೆ ಗೊತ್ತಿದ್ದದ್ದು, ಕೇಳ್ತಿದ್ದೆ."

ಇಬ್ಬರೂ ಅಪ್ಪಿಕೊಂಡು ಅತ್ತರು, ಬಚ್ಚಲುಮನೆಗೆ ಹೋಗದೆ ಅಲ್ಲೇ ಅಡುಗೆಮನೆಯಲ್ಲಿ.

ಮರುವಾರ ಅವಳು ಮಗಳೊಡನೆ ಮನೆ ನೋಡಲು ಹೋದಳು. ಮಹಡಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ, ಬೀದಿಗೆ ತೆರೆಯುವ ಕಿಟಕಿ. ಮಗಳು ಆಗಲೇ ಯಾವ ಗೋಡೆ ಯಾರದೆಂದು ಹಂಚುತ್ತಿದ್ದಳು. ಮನೆಯೊಡತಿ ಕುರ್ಚಿಯಲ್ಲಿ ಕೂತು ವಿಚಾರಿಸಿದಳು.

"ಯಜಮಾನ್ರು ಏನ್ ಮಾಡ್ತಾರೆ?"

"ಗಾಡಿ ರಿಪೇರಿ. ಬ್ಯಾಟರಿ ಗಾಡಿಗಳದ್ದು."

"ಓದಿದಾರಾ?"

"ಅದನ್ನೇ ಓದಿದಾರೆ. ಎರಡು ವರ್ಷ."

"ಒಳ್ಳೇದಾಯ್ತು. ನೋಡಮ್ಮ, ಬಾಡಿಗೆ ಮಾತು ಹೆಂಗಸರ ಹತ್ರ ಆಡಿದ್ರೆ ಆಮೇಲೆ ತಕರಾರು. ನಾನು ಯಜಮಾನ್ರ ಹತ್ರಾನೇ ಮಾತಾಡೋದು. ಯಾವಾಗ ಬರ್ತಾರೆ?"

ಅವಳು ಎದುರಿನ ಕುರ್ಚಿಯನ್ನು ಎಳೆದುಕೊಂಡು, ಯಾರೂ ಹೇಳದಿದ್ದರೂ, ಆರಾಮಾಗಿ ಕೂತಳು.

"ಬಂದಿದಾರಲ್ಲ" ಎಂದಳು. "ಮಾತಾಡಿ."