ಹದಿನೇಳು ಸೆಕೆಂಡಿನ ಅಳು

೨೦೨೫, ಆಗಸ್ಟ್ ೧೯, ಮಂಗಳವಾರ. ನಸುಕಿನಿಂದ ಎಂಟರವರೆಗೆ ಜಿಟಿಜಿಟಿ ಮಳೆ. ಆಮೇಲೆ ಬಿಸಿಲು ಬಿದ್ದರೂ ಗಾಳಿಯಲ್ಲಿ ತಂಪು ಉಳಿದಿತ್ತು. ಕಿಣ್ಣಿ ಸುಲ್ತಾನದ ಕಸ್ತೂರಿಬಾಯಿ ಟಂಟಂ ಆಟೋ ಹತ್ತಿ ಆಳಂದಕ್ಕೆ ಬಂದು, ಅಲ್ಲಿಂದ ಎರಡು ಬಸ್ಸು ಬದಲಿಸಿ, ಹನ್ನೊಂದೂವರೆಗೆ ಚೌಡಾಪುರ ಮುಟ್ಟಿದಳು. ಅಕ್ಕ ಮಹಾನಂದಾ ಹಿಂದಿನ ಸಂಜೆ ತೀರಿಕೊಂಡಿದ್ದಳು.

ಸತ್ತವರ ಮುಂದೆ ಹಾಡ್ಯಾಡಿ ಅಳುವುದು ಅರವತ್ತೊಂದರ ಕಸ್ತೂರಿಬಾಯಿಗೆ ತಾಯಿಯಿಂದ ಬಂದ ವಿದ್ಯೆ. ಅಪ್ಪನ ಕಾಲಕ್ಕೇ ಮನೆತನ ಬೌದ್ಧವಾಗಿತ್ತು; ಹಳೆಯ ಆಚರಣೆಗಳೆಲ್ಲ ಬಿಟ್ಟುಹೋದರೂ ಹೆಂಗಸರ ಈ ಅಳು ಉಳಿದಿತ್ತು. ಹೆಣದ ಪಕ್ಕ ಕುಳಿತು ಆ ಜೀವದ ಬಾಳನ್ನು ಸಾಲುಸಾಲಾಗಿ ಕಟ್ಟಿ ಹೇಳಬೇಕು. ಬದುಕಿದ್ದಾಗ ಮನೆಯಲ್ಲಿ ಆಡಲಾಗದ ಮಾತನ್ನೂ ಆ ರಾಗದಲ್ಲಿ ಆಡಬಹುದಿತ್ತು. ಗಂಡಸರು ತಲೆ ತಗ್ಗಿಸಿ ಕೇಳುತ್ತಿದ್ದರೇ ಹೊರತು ತಡೆಯುತ್ತಿರಲಿಲ್ಲ. ಹೆಣ ಎತ್ತಿದ ಮೇಲೆ ಅಂಥ ಮಾತಿಗೆ ಜಾಗವಿಲ್ಲ.

ಎರಡು ವರ್ಷದ ಹಿಂದೆ ಮಟಕಿ ಊರಿನಲ್ಲಿ ಭಾಗಮ್ಮನೆಂಬವಳು ಸತ್ತಾಗ ಯಾರೋ ಇವಳ ಅಳುವನ್ನು ಮೊಬೈಲಿನಲ್ಲಿ ಹಿಡಿದರು. ಒಂದು ತಾಸಿನ ಅಳುವಿನಲ್ಲಿ ಹದಿನೇಳು ಸೆಕೆಂಡು ಕತ್ತರಿಸಿ ಹರಿಬಿಟ್ಟರು. ‘ಬುಟ್ಟಿ ತುಂಬ ರೊಟ್ಟಿ ಬಡದು ಹಸದು ಹೋದ್ಯಲ್ಲೇ ನನ್ನವ್ವಾ’ ಎಂಬ ಸಾಲು ಅದು. ಭಾಗಮ್ಮ ಮೂವತ್ತು ವರ್ಷ ಮದುವೆಮನೆಗಳಿಗೆ ರೊಟ್ಟಿ ಬಡಿದು ಕೊಟ್ಟವಳೆಂಬುದು ಕೇಳಿದವರಿಗೆ ಗೊತ್ತಿರಲಿಲ್ಲ. ನಗೆಯ ವಿಡಿಯೋಗಳಿಗೆಲ್ಲ ಅದೇ ಬಂತು: ಕ್ರಿಕೆಟ್ಟಿನಲ್ಲಿ ಸೋತರೆ ಆ ಸಾಲು, ಪರೀಕ್ಷೆಯಲ್ಲಿ ಫೇಲಾದರೆ ಆ ಸಾಲು, ಬೈಕು ಕೆಸರಿನಲ್ಲಿ ಹೂತರೆ ಆ ಸಾಲು.

ಮೊದಮೊದಲು ಕಸ್ತೂರಿಬಾಯಿಯೂ ನಕ್ಕಳು. ಆಳಂದದ ಸಂತೆಯಲ್ಲಿ ಕಾಲೇಜು ಹುಡುಗಿಯರು ಸುತ್ತುವರಿದು, “ಆಯಿ, ಒಂದೇ ಒಂದ್ಸಲ ಅಳ್ರಿ, ಸೆಲ್ಫಿ ತಕ್ಕೋತೇವಿ” ಎಂದಾಗ, “ಸುಮ್ಮ ಹ್ಯಾಂಗ ಅಳಲೇ? ನಿಮ್ಮಾಗ ಯಾರರೇ ಮೊದಲ ಮಲಕ್ಕೋರಿ” ಎಂದು ಚಟಾಕಿ ಹಾರಿಸಿದ್ದಳು. ಅದನ್ನೂ ಅವರು ಹಾಕಿದರು.

ಆದರೆ ಜೇವರ್ಗಿಯಲ್ಲಿ ಒಂದು ಸಾವಿನ ಮನೆಯಲ್ಲಿ ಅವಳು ರಾಗ ಎತ್ತುತ್ತಲೇ ಹಿಂದಿನ ಸಾಲಿನಿಂದ ನಗೆ ಕೇಳಿತು. ಸತ್ತವನ ಮಗಳು ಬಗ್ಗಿ ಕಿವಿಯಲ್ಲಿ ಹೇಳಿದಳು: “ಸಿಟ್ಟಾಗಬ್ಯಾಡ್ರಿ ಯವ್ವಾ. ನೀವು ಸುಮ್ಮ ಕುಂದರ್ರಿ. ಮಂದಿ ನಮ್ಮಪ್ಪನ ಮುಂದ ನಗಾಕತ್ತಾರ.” ಆಮೇಲೆ ಯಾವ ಊರಿನಿಂದಲೂ ಕರೆ ಬರಲಿಲ್ಲ. ಅದಕ್ಕೂ ಅವಳು ಒಗ್ಗಿಕೊಂಡಳು. ಉಳಿದಿದ್ದದ್ದು ಅಕ್ಕನಿಗೆ ಕೊಟ್ಟ ಮಾತೊಂದೇ.

ಯುಗಾದಿಯ ಮರುದಿನ ಮಹಾನಂದಾ ತೊಗರಿಬೇಳೆ ಹಸನು ಮಾಡುತ್ತ ಕೇಳಿದ್ದಳು: “ನನಗ ನೀನೇ ಅಳಬೇಕ ನೋಡು. ಬ್ಯಾರೇರು ಅತ್ತರ ಬರೇ ಹೊಗಳ್ತಾರ.”

“ನೀನೇ ಮೊದಲ ಹೋಗ್ತಿ ಅಂತ ಯಾರ ಬರದ ಕೊಟ್ಟಾರ?”

“ನೀ ಹುಟ್ಟಿದ್ದೂ ತಡಾ, ಹಲ್ಲ ಬಂದಿದ್ದೂ ತಡಾ. ಹೋಗೂದೂ ತಡಾನೇ ಮಾಡ್ತಿ.” ಆಮೇಲೆ ಮೊರ ಕೆಳಗಿಟ್ಟು ಹೇಳಿದಳು: “ಮಧುಮತಿ ಹೆಸರ ತಗಿ. ಮರಿಬ್ಯಾಡ.”

ಮಧುಮತಿ ಮಹಾನಂದಾಳ ಚೊಚ್ಚಲು. ಗಂಡನೊಡನೆ ಸೋಲಾಪುರದ ಕಡೆ ಕಬ್ಬು ಕಡಿಯಲು ಹೋದಾಗ ಜೋಪಡಿಯಲ್ಲಿ ಹುಟ್ಟಿ ಹನ್ನೊಂದು ದಿನ ಬದುಕಿದ್ದ ಕೂಸು. ಗದ್ದೆಯ ಬದುವಿನಲ್ಲಿ ಮಣ್ಣು ಮಾಡಿ ಮೂರನೆಯ ದಿನಕ್ಕೆ ಅವಳು ಮತ್ತೆ ಕಬ್ಬು ಕಡಿಯುವ ಕೊಯ್ತಾ ಹಿಡಿದಿದ್ದಳು. ಊರಿಗೆ ಬಂದ ಮೇಲೆ ಆ ಹೆಸರನ್ನು ಅತ್ತೆ ಎತ್ತಗೊಡಲಿಲ್ಲ, ಗಂಡನಿಗೂ ಬೇಕಿರಲಿಲ್ಲ. ಆಮೇಲೆ ಹುಟ್ಟಿದ ಧಮ್ಮಪಾಲನಿಗೆ ತನಗೊಬ್ಬ ಅಕ್ಕನಿದ್ದಳೆಂಬುದೇ ಗೊತ್ತಿಲ್ಲ. ಅತ್ತೆ, ಗಂಡ ಇಬ್ಬರೂ ತೀರಿಹೋಗಿದ್ದರು; ಈಗ ಆ ಹೆಸರನ್ನು ಬಲ್ಲವಳು ಕಸ್ತೂರಿಬಾಯಿ ಒಬ್ಬಳೇ.

ಎರಡೂ ಬಸ್ಸುಗಳಲ್ಲಿ ಅವಳು ಸಾಲು ಕಟ್ಟಿಕೊಂಡೇ ಬಂದಿದ್ದಳು. ಯಾರು ನಕ್ಕರೂ ಇವತ್ತು ನಿಲ್ಲಿಸಬಾರದೆಂದು ಗಟ್ಟಿ ಮಾಡಿಕೊಂಡಿದ್ದಳು.

ಅಂಗಳದಲ್ಲಿ ಅಕ್ಕನನ್ನು ಬಿಳಿ ಸೀರೆಯಲ್ಲಿ ಮಲಗಿಸಿದ್ದರು. ಕಸ್ತೂರಿಬಾಯಿ ಹಾರ ಹಾಕಿ, ತಲೆಯ ಬಳಿ ಕುಳಿತು, ಅಕ್ಕನ ಹಣೆಯ ಮೇಲೆ ಕೈಯಿಟ್ಟು ಉಸಿರು ಎಳೆದುಕೊಂಡಳು.

ಅಷ್ಟರಲ್ಲಿ ಅವಳ ದನಿಯೇ ಬೇರೆ ಕಡೆಯಿಂದ ಕೇಳಿತು. ಬಾಗಿಲ ಬಳಿಯ ಹೆಂಗಸೊಬ್ಬಳ ಮೊಬೈಲಿನಲ್ಲಿ ಮೊದಲು, ಆಮೇಲೆ ಚಪ್ಪರದ ಕೆಳಗೆ ಇಬ್ಬರ ಮೊಬೈಲಿನಲ್ಲಿ, ಒಂದರ ಹಿಂದೊಂದು: ಬುಟ್ಟಿ ತುಂಬ ರೊಟ್ಟಿ ಬಡದು. ಧಮ್ಮಪಾಲನ ಮಗಳು ರಾಧಿಕಾ, ಅಫಜಲಪುರದಲ್ಲಿ ಬಿ.ಎ. ಓದುವವಳು, ಅಜ್ಜಿಯ ಫೋಟೋಕ್ಕೆ ಅದೇ ಹದಿನೇಳು ಸೆಕೆಂಡು ಜೋಡಿಸಿ ಸ್ಟೇಟಸ್ ಇಟ್ಟಿದ್ದಳು. ಅತ್ತು ಅತ್ತು ಕಣ್ಣು ಬಾತಿದ್ದ ಅವಳು ಹತ್ತಿರ ಬಂದು, “ಆಯಿ, ನಿನ್ನ ಆವಾಜೇ ಹಾಕೀನಿ. ಅಜ್ಜಿಗ ನೀ ಅಳಬೇಕಂತ ಭಾಳ ಆಸೆ ಇತ್ತು” ಎಂದಳು. ಅವಳ ಮುಖದಲ್ಲಿ ಕಪಟವಿರಲಿಲ್ಲ.

ಸೊಸೆಯ ಕಡೆಯ ಹೆಂಗಸೊಬ್ಬಳು ನಗೆ ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ನಾಲ್ಕೈದು ಮೊಬೈಲುಗಳು ಕಸ್ತೂರಿಬಾಯಿಯ ಕಡೆ ತಿರುಗಿದವು. “ಈಗ ಅಳತಾಳ, ಹಿಡಿ ಹಿಡಿ” ಎಂದು ಯಾರೋ ಅಂದರು.

ನಗೆಯಷ್ಟೇ ಆಗಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು. ಆ ಹನ್ನೊಂದು ದಿನದ ಕೂಸು ಆ ಮೊಬೈಲುಗಳೊಳಗೆ ಹೋಗುವುದು ಅವಳ ಕಣ್ಣಿಗೆ ಕಟ್ಟಿತು. ನಾಳೆ ಯಾರ ಬೈಕು ಕೆಸರಿನಲ್ಲಿ ಹೂತಾಗ ಯಾರು ಮಧುಮತಿ ಅಂದಾರು? ಎಳೆದುಕೊಂಡ ಉಸಿರನ್ನು ಹಾಗೆಯೇ ಬಿಟ್ಟಳು.

“ಒಡಹುಟ್ಟಿದಾಕಿ, ಕಣ್ಣಾಗ ಒಂದ್ ಹನಿ ಇಲ್ಲ ನೋಡ್ರಿ” ಎಂದು ಹಿಂದೆ ಒಬ್ಬಳು ಗೊಣಗಿದಳು.

“ಫೇಮಸ್ ಆಗ್ಯಾಳಲ್ಲ, ಇನ್ನ ಪುಕ್ಕಟ ಅಳತಾಳೇನು?”

ಒಂದೂವರೆಗೆ ಧಮ್ಮಪಾಲ ತ್ರಿಶರಣ ಹೇಳಿಸಿದ. ಎರಡಕ್ಕೆ ಹೆಣ ಎತ್ತಿದರು.

ಮಣ್ಣು ಮಾಡಿ ಬಂದ ಧಮ್ಮಪಾಲ ಚಹಾದ ಲೋಟ ಹಿಡಿದು ಅವಳ ಪಕ್ಕ ಕುಳಿತ. “ಚಿಗವ್ವಾ, ನೀ ಒಂದ್ ಮಾತೂ ಅನಲಿಲ್ಲ. ಅವ್ವಂದು ಏನರೇ ಹೇಳೂದಿತ್ತೇನು?”

ಅವಳು ಅವನನ್ನು ನೋಡಿದಳು. ರಾಗವಿಲ್ಲದೆ, ಚಹಾ ಕುಡಿಯುತ್ತ ಹೇಳಿದರೆ ಅದು ಬರಿಯ ಸುದ್ದಿ. ರಾತ್ರಿಯೊಳಗೆ ಅದೂ ಸ್ಟೇಟಸ್ ಆದೀತು. “ಏನಿಲ್ಲಪ. ಗಂಟಲ ಕಟ್ಟಿತ್ತು” ಎಂದಳು.

ಆರೂವರೆಗೆ ಆಳಂದ. ಮುಂದಿನ ಟಂಟಂ ತುಂಬುವವರೆಗೆ ಅವಳು ಒಂದೆಡೆ ಕುಳಿತು ಅಕ್ಕನ ಸಾಲುಗಳನ್ನು ನೆನೆಯಲು ನೋಡಿದಳು. ಮೊದಲ ಎರಡು ಬಂದವು, ಮೂರನೆಯದು ಬರಲಿಲ್ಲ.

ಆ ದಿನದ ಖರ್ಚು: ಟಂಟಂ ಹೋಗಿ ಬರಲು ಅರವತ್ತು ರೂಪಾಯಿ. ಹಾರ ಎಂಬತ್ತು. ಊದುಬತ್ತಿ, ಮೇಣಬತ್ತಿ ಮೂವತ್ತು. ಬಸ್ಸಿಗೆ ಏನೂ ಇಲ್ಲ. ಒಟ್ಟು ನೂರ ಎಪ್ಪತ್ತು.